ತೊಳೆದು ಕಳೆದುಕೊಂಡ ನೆರೆ ಪರಿಹಾರ

ನಾನು ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ ಮಾತ್ರ. ಆದರೂ ಸರಕಾರದಿಂದ ನೆರೆ ಪರಿಹಾರ ಪಡೆಯುವುದು ದೊಡ್ಡ ವಿದ್ಯೆ ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಅಂಗಡಿಗೆ ಹೊಳೆ ನೀರು ನುಗ್ಗಿದೆ. ಅಧಿಕಾರಿ ಬರುತ್ತಾರೆ, ನೋಡುತ್ತಾರೆ, ಬರೆದುಕೊಳ್ಳುತ್ತಾರೆ. ಪರಿಹಾರ ಬರುತ್ತದೆ. ಇದರಲ್ಲಿ ತಪ್ಪು ಮಾಡಲಿಕ್ಕೆ ಜಾಗವೇ ಇಲ್ಲ ಎಂದು ನಂಬಿದ್ದೆ. ಜಾಗ ಇತ್ತು. ನಾನೇ ಮಾಡಿಕೊಂಡೆ.

ಫರಂಗಿಪೇಟೆಯಲ್ಲಿ ನನ್ನದೊಂದು ಸಣ್ಣ ಹೋಟೆಲು. ಹೋಟೆಲು ಎಂದರೆ ಮೂರು ಬೆಂಚು, ಒಂದು ಗ್ರೈಂಡರು, ಒಂದು ಹಳೆಯ ಫ್ರಿಜ್ಜು ಮತ್ತು ಗಲ್ಲೆಯಲ್ಲಿ ಕೂತು ಪೇಪರು ಓದುವ ನನ್ನ ಗಂಡ. ಲಾರಿಯವರು, ರಿಕ್ಷಾದವರು ನನ್ನ ನೀರುದೋಸೆಗೆಂದೇ ನಿಲ್ಲಿಸುತ್ತಾರೆ. ಈ ಸಲ ಮಳೆಗೆ ನೇತ್ರಾವತಿಯೂ ಬಂದಳು. ಕರೆಯದೆ ಬಂದವಳು ಎದೆಮಟ್ಟ ನಿಂತು, ಮರುದಿನ ಹೋದಳು. ಹೋಗುವಾಗ ಗ್ರೈಂಡರಿನ ಮೋಟರನ್ನೂ ಫ್ರಿಜ್ಜಿನ ಜೀವವನ್ನೂ ತೆಗೆದುಕೊಂಡು ಹೋದಳು. ಕೆಸರನ್ನು ಮಾತ್ರ ಧಾರಾಳವಾಗಿ ಬಿಟ್ಟಿದ್ದಳು.

ಗ್ರೈಂಡರು ಇಲ್ಲದಿದ್ದರೆ ನೀರುದೋಸೆ ಇಲ್ಲ. ನೀರುದೋಸೆ ಇಲ್ಲದಿದ್ದರೆ ನನ್ನ ಹೋಟೆಲಿಗೆ ಬರಲಿಕ್ಕೆ ಯಾರಿಗೂ ಬೇರೆ ಕಾರಣ ಇಲ್ಲ. ಗಂಡನ ಮುಖ ನೋಡಲಿಕ್ಕೆ ನಾನೇ ಬರುವುದಿಲ್ಲ. ಆದ್ದರಿಂದ ಈ ಪರಿಹಾರ ನನಗೆ ಸಿಗಲೇಬೇಕಿತ್ತು.

ಪಕ್ಕದ ಕೋಣೆಯಲ್ಲಿ ನಫೀಸಾಳ ಹೊಲಿಗೆ ಅಂಗಡಿ. ಅವಳ ಎರಡು ಮೆಷಿನು, ಊರವರ ರವಕೆಗಳು ಎಲ್ಲ ಕೆಸರಿನಲ್ಲಿ ಕಲಸಿಹೋಗಿದ್ದವು. ಅವಳು ಮಾಡಿದ್ದು ಇಷ್ಟೇ. ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದಳು, ಶಟರು ಎಳೆದಳು, ಮೆಟ್ಟಿಲಲ್ಲಿ ಕೂತಳು. ನಾನು ಸೀರೆ ಎತ್ತಿಕಟ್ಟಿ ಪೊರಕೆ ಹಿಡಿದದ್ದು ನೋಡಿ ಅವಳಿಗೆ ಗಾಬರಿ ಆಯಿತು.

"ಗಿರಿಜಕ್ಕ, ಸ್ವಲ್ಪ ನಿಲ್ಲಿ. ಆಫೀಸಿನವರು ಬಂದು ನೋಡಿ ಹೋಗಲಿ, ಆಮೇಲೆ ತೊಳೆಯುವ."

"ಬರುವವರು ಕೂತುಕೊಳ್ಳುವುದು ಎಲ್ಲಿ, ಕೆಸರಲ್ಲಾ? ನಿನಗೆ ನಾಚಿಕೆ ಇಲ್ಲದಿದ್ದರೆ ನೀನು ಹಾಗೇ ಇಡು ಮಾರಾಯ್ತಿ."

ಅವಳು ಹಾಗೇ ಇಟ್ಟಳು.

ನಾನು ತೊಳೆದೆ. ಮೂರು ದಿನ ತೊಳೆದೆ. ತೆಂಗಿನ ನಾರು, ಸೋಪಿನ ಹುಡಿ, ಬ್ಲೀಚಿಂಗ್ ಹುಡಿ ಎಲ್ಲ ಮುಗಿಯಿತು, ನನ್ನ ಸೊಂಟವೂ ಮುಗಿಯಿತು. ಗೋಡೆಯಲ್ಲಿ ನೀರು ನಿಂತ ಗುರುತು ಅಸಹ್ಯವಾಗಿ ಕಾಣುತ್ತಿತ್ತು. ಗಂಡನ ಕೈಯಿಂದ ಪೇಪರು ಕಿತ್ತುಕೊಂಡು ಸುಣ್ಣದ ಬ್ರಷ್ಷು ಕೊಟ್ಟೆ. ಗುರುತು ಹೋಯಿತು. ಸತ್ತ ಗ್ರೈಂಡರು ಮತ್ತು ಫ್ರಿಜ್ಜು ನಾರುತ್ತಿದ್ದವು. ಗುಜರಿಯವನನ್ನು ಕರೆದು ಎರಡನ್ನೂ ಸಾಗಹಾಕಿದೆ. ಹೀಗೆ ನನ್ನ ನಷ್ಟದ ಸಾಕ್ಷಿಗಳನ್ನೆಲ್ಲ ಒಂದೊಂದಾಗಿ, ಶ್ರದ್ಧೆಯಿಂದ, ಸ್ವಂತ ಖರ್ಚಿನಲ್ಲಿ ನಾಶಮಾಡಿದೆ. ಕಳ್ಳರೂ ಇಷ್ಟು ಚೊಕ್ಕ ಕೆಲಸ ಮಾಡುವುದಿಲ್ಲ.

ಅಷ್ಟಕ್ಕೇ ನಿಲ್ಲಿಸಿದ್ದರೆ ಬದುಕುತ್ತಿದ್ದೆನೋ ಏನೋ. ಅಧಿಕಾರಿ ನಾಳೆ ಬರುತ್ತಾರೆ ಎಂದು ಸುದ್ದಿ ಬಂತು. ಅಷ್ಟು ದೂರದಿಂದ ಬರುವ ಮನುಷ್ಯನಿಗೆ ಬರೀ ಚಹಾ ಕೊಟ್ಟು ಕಳಿಸುವುದು ಹೇಗೆ? ರಿಕ್ಷಾ ಮಾಡಿಕೊಂಡು ಕಲ್ಲಡ್ಕಕ್ಕೆ ಹೋದೆ, ನಾದಿನಿಯ ಗ್ರೈಂಡರನ್ನು ಎರಡು ದಿನದ ಮಟ್ಟಿಗೆ ಬೇಡಿ ತಂದೆ. ಅಕ್ಕಿ ನೆನೆಹಾಕಿದೆ.

ಅಧಿಕಾರಿ ಬಂದರು. ತರುಣ, ಘಟ್ಟದ ಮೇಲಿನವರು, ಒಳ್ಳೆಯ ಮನುಷ್ಯ. ಒಳಗೆ ಕಾಲಿಟ್ಟವರು ನೆಲ ನೋಡಿ ಚಪ್ಪಲಿ ಹೊರಗೆ ಬಿಟ್ಟರು. ಆಗಲೇ ನನಗೆ ಅರ್ಥ ಆಗಬೇಕಿತ್ತು. ನನಗೆ ಹೆಮ್ಮೆ ಆಯಿತು.

"ನಷ್ಟ ಎಲ್ಲಿ ಆಗಿದೆ ಅಜ್ಜಿ?" ಎಂದು ಕೇಳಿದರು.

"ಅದೆಲ್ಲ ಮತ್ತೆ ನೋಡುವ. ಮೊದಲು ಕೂತುಕೊಳ್ಳಿ, ಬಾಯಾರಿಕೆ ಕುಡಿಯಿರಿ."

ಬೆಲ್ಲ ನೀರು ಕುಡಿದರು. ಆಮೇಲೆ ನೀರುದೋಸೆ. ಒಂದು ಸಾಕು ಎಂದವರು ಎಂಟು ತಿಂದರು. ಅಷ್ಟರಲ್ಲಿ ದೋಸೆಯ ಪರಿಮಳಕ್ಕೆ ಎರಡು ಲಾರಿ ನಿಂತವು, ಬೆಂಚು ತುಂಬಿತು. ಹಿಂದೆ ನಾದಿನಿಯ ಗ್ರೈಂಡರು ಗರಗರ ತಿರುಗುತ್ತಿತ್ತು. ಎದ್ದು ಹೋಗುವಾಗ ಅಧಿಕಾರಿ ದುಡ್ಡು ತೆಗೆದರು. ಬೇಡ ಎಂದೆ. ಪುಕ್ಕಟೆ ತಿಂದರೆ ತಪ್ಪಾಗುತ್ತದೆ ಎಂದು ಗಲ್ಲೆಯಲ್ಲಿ ಇಟ್ಟೇಬಿಟ್ಟರು. ನನ್ನ ಗಂಡ, ಇಡೀ ವರ್ಷ ಚಿಲ್ಲರೆ ಇಲ್ಲ ಎನ್ನುವವರು, ಅಂದು ಲೆಕ್ಕ ಹಾಕಿ ಚಿಲ್ಲರೆ ಹಿಂದೆ ಕೊಟ್ಟರು.

ಮತ್ತೆ ಅವರು ನಫೀಸಾಳ ಶಟರು ಎತ್ತಿಸಿದರು. ಒಳಗಿಂದ ಬಂದ ವಾಸನೆಗೆ ಮೂಗಿಗೆ ಕರ್ಚೀಫು ಹಿಡಿದು ಮೂರು ಹೆಜ್ಜೆ ಹಿಂದೆ ಬಂದರು. ಅಲ್ಲೇ ರಸ್ತೆಯಲ್ಲಿ ನಿಂತು ಎರಡು ಪುಟ ಬರೆದರು. ನನ್ನ ಮನಸ್ಸಿನಲ್ಲಿ ಅಯ್ಯೋ ಪಾಪ ಅನ್ನಿಸಿತು. ಎಂಥಾ ಮರ್ಯಾದೆ ಹೋಯಿತು ಇವಳದ್ದು!

ಪಟ್ಟಿ ಬಂದಾಗ ನಫೀಸಾಳ ಹೆಸರು ಇತ್ತು. ನನ್ನದು ಇರಲಿಲ್ಲ.

ಗಂಡನನ್ನು ಎಳೆದುಕೊಂಡು ಆಫೀಸಿಗೆ ಹೋದೆ. ಅಧಿಕಾರಿ ಗುರುತು ಹಿಡಿದು ಕುರ್ಚಿ ಕೊಟ್ಟರು, ಫೈಲು ತೆಗೆದು ತಾವು ಬರೆದದ್ದನ್ನು ಓದಿ ಹೇಳಿದರು. ಅಂಗಡಿಯು ಅತ್ಯಂತ ಶುಚಿಯಾಗಿದೆ. ಗೋಡೆಗಳಿಗೆ ಇತ್ತೀಚೆಗೆ ಸುಣ್ಣ ಬಳಿಯಲಾಗಿದೆ. ಗ್ರೈಂಡರು ಸುಸ್ಥಿತಿಯಲ್ಲಿದೆ. ತಪಾಸಣೆಯ ವೇಳೆ ವ್ಯಾಪಾರವು ಭರದಿಂದ ನಡೆಯುತ್ತಿತ್ತು. ಒಂದಾದರೂ ಸುಳ್ಳು ಹೇಳಿದ್ದರೆ ಜಗಳ ಮಾಡಬಹುದಿತ್ತು. ಒಂದೂ ಇರಲಿಲ್ಲ.

"ಗ್ರೈಂಡರು ನಾದಿನಿಯದ್ದು" ಎಂದೆ.

"ಹಾಗಾದರೆ ನಿಮ್ಮದನ್ನು ತೋರಿಸಿ ಅಜ್ಜಿ. ಹಾಳಾದ ಸಾಮಾನು ಕಣ್ಣಿಗೆ ಕಂಡರೆ ಮತ್ತೆ ಬರೆಯುತ್ತೇನೆ. ಗುರುವಾರ ಹನ್ನೊಂದು ಗಂಟೆಗೆ ಬರ್ತೀನಿ."

ಇದಕ್ಕಿಂತ ಹೆಚ್ಚು ಯಾರು ಮಾಡಿಯಾರು? ದಾರಿಯಲ್ಲಿ ಗಂಡ ಒಂದು ಉಪಾಯ ಹೇಳಿದರು, ಹೊಳೆಯಿಂದ ನಾಲ್ಕು ಬುಟ್ಟಿ ಕೆಸರು ತಂದು ಪುನಃ ಹಾಕುವ ಎಂದು. ಹಾಕುವವರು ನೀವು, ತೆಗೆಯುವವಳು ನಾನು ಎಂದೆ.

ಗುಜರಿಯವನ ಹತ್ತಿರ ಓಡಿದೆ. ಫ್ರಿಜ್ಜು ಯಾವ ಊರಿಗೆ ಹೋಯಿತೋ ಅವನಿಗೂ ಗೊತ್ತಿಲ್ಲ. ಗ್ರೈಂಡರಿನ ಮೋಟರು ಬಿಚ್ಚಿ ತಾಮ್ರ ಮಾರಿಯಾಗಿತ್ತು. ಉಳಿದದ್ದು ಕಲ್ಲು ಮಾತ್ರ, ತಗಡಿನ ರಾಶಿಯ ಅಡಿಯಲ್ಲಿ, ಕೆಸರು ಮೆತ್ತಿಕೊಂಡು, ಹುಳಿ ವಾಸನೆ ಹೊಡೆಯುತ್ತ. ಇಷ್ಟು ಚಂದದ ಸಾಕ್ಷಿ ಬೇರೆ ಬೇಕಾ? ನಾನೇ ಕೊಟ್ಟ ಕಲ್ಲನ್ನು ಅವನಿಗೆ ದುಡ್ಡು ಕೊಟ್ಟು ಬಿಡಿಸಿ ತಂದೆ. ನಫೀಸಾ ಬಂದು ನೋಡಿ ಒಂದೇ ಮಾತು ಹೇಳಿದಳು.

"ಗಿರಿಜಕ್ಕ, ಇದನ್ನು ಮುಟ್ಟಬೇಡಿ. ನೋಡುವುದೂ ಬೇಡ."

ಬುಧವಾರ ಮುಟ್ಟಲಿಲ್ಲ. ಗುರುವಾರ ಹತ್ತು ಗಂಟೆಯವರೆಗೂ ಮುಟ್ಟಲಿಲ್ಲ. ಬೆನ್ನು ತಿರುಗಿಸಿ ಕೂತರೂ ಅದು ಅಲ್ಲಿ ಇದೆ ಎಂದು ನನ್ನ ಬೆನ್ನಿಗೆ ಗೊತ್ತಿತ್ತು. ತಿನ್ನುವ ಹಿಟ್ಟು ಅರೆಯುವ ಕಲ್ಲು, ಅದರ ಕಚ್ಚುಗಳಲ್ಲಿ ಕೆಸರು. ವಾಸನೆ ಸ್ವಲ್ಪ ಕಡಿಮೆ ಮಾಡುವ ಎಂದು ಒಂದು ಚೆಂಬು ನೀರು ಹಾಕಿದೆ. ಅಷ್ಟೇ. ಮತ್ತೆ ಒಂದು ಬದಿ ಮಾತ್ರ ಬೆಳ್ಳಗಾದದ್ದು ಚಂದ ಕಾಣಲಿಲ್ಲ.

ಹನ್ನೊಂದಕ್ಕೆ ಸರಿಯಾಗಿ ಅಧಿಕಾರಿ ಬಂದರು. ಕಲ್ಲಿನ ಸುತ್ತ ಒಂದು ಸುತ್ತು ಬಂದರು, ಬೆರಳಿನಿಂದ ಸವರಿದರು, ಬೆರಳು ನೋಡಿಕೊಂಡರು.

"ಇದೂ ಚೆನ್ನಾಗೇ ಇದೆಯಲ್ಲ ಅಜ್ಜಿ" ಎಂದರು. ಅವರಿಗೇ ಬೇಸರ ಆದ ಹಾಗಿತ್ತು. ಪೆನ್ನಿನ ಮುಚ್ಚಳ ಹಾಕಿದರು.

ಮೆಟ್ಟಿಲಲ್ಲಿದ್ದ ನಫೀಸಾ ತಲೆಗೆ ಕೈಹೊತ್ತಳು. ಒಳಗಿಂದ ಗಂಡ ಪೇಪರಿನ ಪುಟ ಮಗುಚುವ ಶಬ್ದ ಕೇಳಿತು. ಎರಡು ದಿನಕ್ಕೆಂದು ಕೊಟ್ಟು ಇಷ್ಟು ದಿನ ಕಾದ ನಾದಿನಿ ಅದೇ ಸಂಜೆ ಬಂದು ತನ್ನ ಗ್ರೈಂಡರು ಕೊಂಡುಹೋದಳು. ಮರುದಿನದಿಂದ ನನ್ನ ಹೋಟೆಲಿನಲ್ಲಿ ಚಹಾ ಮತ್ತು ಬಿಸ್ಕೆಟು. ಲಾರಿಗಳು ನಿಧಾನ ಮಾಡಿ, ನೋಡಿ, ಮುಂದೆ ಹೋದವು.

ನಫೀಸಾಳಿಗೆ ಪರಿಹಾರ ಬಂತು. ಹೊಸ ಮೆಷಿನು ಬಂತು. ಆದರೆ ಅಷ್ಟು ದಿನ ಮುಚ್ಚಿಟ್ಟ ಕೆಸರು ಸಿಮೆಂಟಿನ ಹಾಗೆ ಗಟ್ಟಿಯಾಗಿತ್ತು, ಆ ವಾಸನೆಗೆ ಯಾರೂ ರವಕೆಯ ಅಳತೆ ಕೊಡಲಿಕ್ಕೆ ಒಳಗೆ ಬರುವ ಹಾಗಿರಲಿಲ್ಲ. ಒಂದು ಬೆಳಿಗ್ಗೆ ಅವಳು ಬಂದು ನನ್ನ ಬೆಂಚಿನಲ್ಲಿ ಕೂತು ಚಹಾ ಕುಡಿದಳು. ಕೊನೆಗೆ, ನನ್ನ ಹಾಗೆ ತೊಳೆಯುವವರು ಈ ಬಂಟ್ವಾಳ ತಾಲೂಕಿನಲ್ಲೇ ಇಲ್ಲ ಎಂದಳು. ಕೂಲಿ ಎಷ್ಟು ಎಂದೂ ಹೇಳಿದಳು.

ಐದು ದಿನ ತೊಳೆದೆ. ಆ ಕೂಲಿಯನ್ನು ಮುಂಗಡ ಕೊಟ್ಟು ಒಂದು ಹಳೆಯ ಗ್ರೈಂಡರು ತಂದೆ. ಈಗ ಪುನಃ ಲಾರಿ ನಿಲ್ಲುತ್ತದೆ. ಯಾರಾದರೂ ಕೇಳಿದರೆ ನನಗೂ ನೆರೆ ಪರಿಹಾರ ಸಿಕ್ಕಿದೆ ಎಂದೇ ಹೇಳುತ್ತೇನೆ. ಯಾರ ಕೈಯಿಂದ ಎಂದು ಯಾರೂ ಕೇಳುವುದಿಲ್ಲ.

ತೊಳೆಯುವ ಕೆಲಸದ ಕೊನೆಯ ದಿನ ನಫೀಸಾ ಕೂಲಿ ಎಣಿಸುತ್ತ ಎಣಿಸುತ್ತ ಬಾಗಿಲ ಸಂದಿಗೆ ಬಗ್ಗಿ ನೋಡಿದಳು.

"ಗಿರಿಜಕ್ಕ, ಇಲ್ಲಿ ಸ್ವಲ್ಪ ಕೆಸರು ಉಳಿದಿದೆ."

ಹೌದು, ಉಳಿದಿತ್ತು. ತೊಳೆದುಕೊಟ್ಟೆ.