ಇಚಲಕರಂಜಿಯ ಜಾಬರನ ಮೌನವ್ರತ

ಮನಃಶಾಂತಿ ಎನ್ನುವುದು ಸ್ವಾಮಿಗಳಿಗೂ ಸನ್ಯಾಸಿಗಳಿಗೂ ಮಾತ್ರ ಸಿಗುವ ವಸ್ತು ಎಂದು ಯಾರು ಹೇಳಿದರು? ಸರಿಯಾಗಿ ಪ್ರಯತ್ನಪಟ್ಟರೆ ಇಚಲಕರಂಜಿಯ ಪವರ್‌ಲೂಮ್ ಜಾಬರನಿಗೂ ಒಂದೇ ವಾರದಲ್ಲಿ ಸಿಗುತ್ತದೆ ಎಂಬುದು ನನ್ನ ದೃಢ ನಂಬಿಕೆಯಾಗಿತ್ತು. ಕೆಟ್ಟು ನಿಂತ ಮಗ್ಗವನ್ನು ಅರ್ಧ ತಾಸಿನಲ್ಲಿ ನಡೆಸಿಕೊಡುವವನಿಗೆ ಕೆಟ್ಟು ನಿಂತ ಮನಸ್ಸು ಯಾವ ಲೆಕ್ಕ! ಊರಿಗೆ ಇನ್ನೂ ಟೀವಿ ಬಂದಿರದ ಕಾಲ ಅದು. ಮನುಷ್ಯನಿಗೆ ಇಂಥ ಯೋಚನೆ ಮಾಡಲು ಪುರಸೊತ್ತಿತ್ತು.

ನನ್ನ ಶಾಂತಿಯನ್ನು ಅಪಹರಿಸಿದವರು ನನ್ನ ಮಾವ, ಅಂದರೆ ಹೆಂಡತಿ ಕಲಾವತಿಯ ತಂದೆ ಬಾಳಪ್ಪನವರು. ಹರೆಯದಲ್ಲಿ ಗಡಹಿಂಗ್ಲಜದಿಂದ ಬಂದು, ಜೀವಮಾನವೆಲ್ಲ ಮಗ್ಗಗಳ ನಡುವೆ ನಿಂತು, ಕೊನೆಗೆ ಎರಡೂ ಕಿವಿಗಳನ್ನು ಮಗ್ಗಕ್ಕೇ ಒಪ್ಪಿಸಿ ಕೆಲಸ ಬಿಟ್ಟವರು. ಮಗ ಗಡಹಿಂಗ್ಲಜದಲ್ಲಿದ್ದರೂ, ಅತ್ತೆ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಇದ್ದರು. ಮನುಷ್ಯ ಅಪ್ಪಟ ಬಂಗಾರ. ಆದರೆ ತಮಗೆ ಕೇಳಿಸದ್ದರಿಂದ ಲೋಕಕ್ಕೇ ಕೇಳಿಸುವುದಿಲ್ಲವೆಂಬ ಭಾವನೆ. ಅವರು ಚಹಾ ಬೇಕೆಂದರೆ ಓಣಿಯ ಆ ತುದಿಯವರೂ ಒಲೆ ಹಚ್ಚುತ್ತಿದ್ದರು!

ನನಗೆ ರಾತ್ರಿ ಪಾಳಿ. ಮುಂಜಾನೆ ಬಂದು ಕೌದಿ ಹೊದ್ದುಕೊಂಡರೆ ಸಾಕು, ಮಾವನವರ ಕುಸ್ತಿ ಶುರು. ಪ್ರಾಯದಲ್ಲಿ ಅವರು ಕೊಲ್ಹಾಪುರದ ಮೈದಾನದಲ್ಲಿ ಒಂದೇ ಒಂದು ಕುಸ್ತಿ ಹಿಡಿದಿದ್ದರಂತೆ. ಅದರ ವರದಿ ದಿನವೂ ಪ್ರಸಾರವಾಗುತ್ತಿತ್ತು. ನನ್ನ ಮದುವೆಯ ವರ್ಷ ಆ ಎದುರಾಳಿ ನನ್ನಷ್ಟೇ ಎತ್ತರವಿದ್ದ. ಆಮೇಲೆ ಬೆಳೆದೂ ಬೆಳೆದೂ ನಮ್ಮ ಬಾಗಿಲಲ್ಲಿ ಹಿಡಿಸದಷ್ಟಾದ. ಸೋತವನೊಬ್ಬ ಹೀಗೆ ಬೆಳೆಯುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನನ್ನ ಕೆಂಪುಗಣ್ಣು ನೋಡಿ ಪರಿಹಾರ ಸೂಚಿಸಿದವರು ಪಕ್ಕದ ಮನೆಯ ಅಣ್ಣಾಸಾಹೇಬರು. ಜೈನರು, ಅರಿವೆ ವ್ಯಾಪಾರಿಗಳು, ಉಪವಾಸ ವ್ರತಗಳಲ್ಲಿ ಪಳಗಿದ ಕೈ.

“ಶ್ರಾವಣದಾಗ ಒಂದ ವಾರ ಮೌನ ಹಿಡೀರಿ. ಕಡೀಕ ಯಾವದರ ಕ್ಷೇತ್ರಕ್ಕ ಹೋಗಿ ಬಿಡ್ರಿ. ಮನಸು ತೊಳದಿಟ್ಟ ಗಂಗಾಳ ಆಗತೈತಿ,” ಎಂದರು.

“ಒಂದ ವಾರ ಸಾಕೇನ್ರಿ?”

“ನಿಮಗ ಒಂದ ತಾಸ ಆದ್ರೂ ದೊಡ್ಡದ್ರಿ.”

ಈ ಮಾತಿನಲ್ಲಿದ್ದ ಚುಚ್ಚು ನನಗೆ ತಟ್ಟಲಿಲ್ಲ. ಗುರುವಾರ ಹಿಡಿದು, ಮುಂದಿನ ಗುರುವಾರ ನರಸೋಬಾ ವಾಡಿಯಲ್ಲಿ ದತ್ತಗುರುಗಳ ಪಾದುಕೆಯ ಮುಂದೆ ಬಿಡುವುದೆಂದು ಸಂಕಲ್ಪ ಮಾಡಿದೆ. ಕಲಾವತಿ ಮೊದಲು ನನ್ನ ಹಣೆ ಮುಟ್ಟಿ ನೋಡಿದಳು, ಜ್ವರವಿಲ್ಲವೆಂದು ಖಾತ್ರಿಯಾದ ಮೇಲೆ ಕುಂಕುಮ ಹಚ್ಚಿದಳು.

ಇಲ್ಲಿ ನಮ್ಮ ಊರಿನ ಒಂದು ಸಂಗತಿ ಹೇಳಬೇಕು. ಮಗ್ಗದ ಶೆಡ್ಡಿನೊಳಗೆ ಖಟಾಖಟಾ ಸದ್ದಿನಲ್ಲಿ ಕೂಗಿದರೂ ಪಕ್ಕದವನಿಗೆ ಕೇಳುವುದಿಲ್ಲ. ಆದ್ದರಿಂದ ಅಲ್ಲಿ ಯಾರೂ ಕೂಗುವುದೇ ಇಲ್ಲ. ಬರೀ ತುಟಿ ಅಲುಗಿಸುತ್ತಾರೆ, ಎದುರಿನವನು ತುಟಿ ನೋಡಿ ತಿಳಿದುಕೊಳ್ಳುತ್ತಾನೆ. ನಾಲ್ಕು ಮಗ್ಗದಾಚೆ ನಿಂತವನ ಜೊತೆ ಮಗಳ ಮದುವೆಯ ಮಾತುಕತೆ ಮುಗಿಸಿದವರಿದ್ದಾರೆ. ಈ ತುಟಿಮಾತಿನಲ್ಲಿ ನಮ್ಮ ಮಾವನವರನ್ನು ಮೀರಿಸುವವರು ಇಡೀ ಇಚಲಕರಂಜಿಯಲ್ಲಿ ಇರಲಿಲ್ಲ. ಕಿವಿ ಹೋದ ಮೇಲೆ ಅವರಿಗೆ ಅದೇ ಆಧಾರವಾಗಿತ್ತು. ಓಣಿಯವರೆಲ್ಲ ಅವರೆದುರು ಮುಖ ಕೊಟ್ಟು ನಿಂತು ತುಟಿ ಬಿಡಿಸಿ ಮಾತಾಡುತ್ತಿದ್ದರು, ಅವರೂ ದಿನವಿಡೀ ಕಟ್ಟೆಯ ಮೇಲೆ ಕೂತು ಊರಿನ ಸುದ್ದಿಯನ್ನೆಲ್ಲ ನೋಡುತ್ತಿದ್ದರು.

ವ್ರತದ ಮೊದಲ ರಾತ್ರಿ ಶೆಡ್ಡಿಗೆ ಹೋದೆ. ಎಲ್ಲರೂ ಬೆರಗಾಗುತ್ತಾರೆಂದು ಕಾದೆ. ಯಾರಿಗೂ ಗೊತ್ತೇ ಆಗಲಿಲ್ಲ! ‘ನೂಲು ಕಡಿದೈತಿ’ ಎಂದು ಒಬ್ಬ ತುಟಿ ಅಲುಗಿಸಿದ, ‘ಬಂದೆ’ ಎಂದು ನಾನೂ ತುಟಿ ಅಲುಗಿಸಿದೆ. ಆಮೇಲೆ ವ್ರತದ ನೆನಪಾಯಿತು. ವ್ರತಭಂಗವಾಯಿತೇ? ಶೆಡ್ಡಿನ ಮೂಲೆಯಲ್ಲಿ ನಿಂತು ದೀರ್ಘವಾಗಿ ಶಾಸ್ತ್ರವಿಚಾರ ಮಾಡಿದೆ. ಧ್ವನಿ ಹೊರಟರೆ ತಾನೇ ಮಾತು? ಧ್ವನಿ ಇಲ್ಲದ್ದು ಮೌನವೇ! ಈ ತೀರ್ಪು ಕೊಟ್ಟವನೂ ನಾನೇ, ಒಪ್ಪಿಕೊಂಡವನೂ ನಾನೇ.

ಅಲ್ಲಿಂದ ನನ್ನ ಮೌನಕ್ಕೆ ತಡೆಯೇ ಇರಲಿಲ್ಲ. ಬೇಳೆಗೆ ಉಪ್ಪು ಹೆಚ್ಚಾಯಿತೆಂದು ಮೌನವಾಗಿ ಸಿಡುಕಿದೆ. ಅಂಗಿಯ ಗುಂಡಿ ಹಚ್ಚಿಲ್ಲವೆಂದು ಮೌನವಾಗಿ ಹಾರಾಡಿದೆ. ಕಲಾವತಿ ಮದುವೆಗೆ ಮೊದಲು ಶೆಡ್ಡಿನಲ್ಲಿ ನೂಲಿನ ಕಾಂಡಿ ಸುತ್ತಿದವಳು, ಅವಳಿಗೂ ತುಟಿಮಾತು ಬರುತ್ತಿತ್ತು.

“ಇದೆಂಥಾ ಮೌನಾರೀ? ಸಪ್ಪಳ ಒಂದ ಇಲ್ಲ, ಜಗಳ ಅಷ್ಟೂ ಐತಲ್ಲ!” ಎಂದಳು.

ಶಾಸ್ತ್ರ ತಿಳಿಯದವರೊಡನೆ ವಾದ ಬೇಡವೆಂದು ಸುಮ್ಮನಾದೆ.

ಗುರುವಾರ ಮೂವರೂ ವಾಡಿಯ ಬಸ್ಸು ಹತ್ತಿದೆವು. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರು ಬಂದು “ಕುಠಂ ಜಾಯ್ಚಂ?” ಎಂದು ಮರಾಠಿಯಲ್ಲಿ ಎಲ್ಲಿಗೆಂದು ಕೇಳಿದ. ನಾನು ಸ್ಪಷ್ಟವಾಗಿ ತುಟಿ ಬಿಡಿಸಿ ‘ವಾಡಿ’ ಎಂದೆ. ಪಾಪ, ಅವನು ಶೆಡ್ಡಿನವನಲ್ಲ, ನನ್ನ ಬಾಯನ್ನೇ ಪಿಳಿಪಿಳಿ ನೋಡಿದ. ಮತ್ತೂ ದೊಡ್ಡದಾಗಿ ಬಾಯಿ ತೆರೆದೆ. ಸೀಟಿನಲ್ಲಿದ್ದ ಒಬ್ಬ ಅಜ್ಜಿಗೆ ಕರುಳು ಕಿವುಚಿತು.

“ಅರೇರೇ, ಮುಕಾ ಹಾಯ್ ಬಿಚಾರಾ! ಬಸ್, ಬಾಳಾ, ಬಸ್!” ಎಂದು ಎದ್ದು ನಿಂತು, ಮೂಗನೆಂದು ನನ್ನನ್ನು ತನ್ನ ಜಾಗದಲ್ಲಿ ಕೂರಿಸಿಯೇಬಿಟ್ಟಳು. ಕೈಗೆ ಒಂದು ಬಾಳೆಹಣ್ಣನ್ನೂ ಕೊಟ್ಟಳು. ವ್ರತಸ್ಥನಾದವನು ನಿಜ ಹೇಳುವಂತಿರಲಿಲ್ಲವಲ್ಲ? ಹಣ್ಣು ತಿಂದೆ. ಹೀಗೆ ಗಟ್ಟಿಮುಟ್ಟಾದ ಅಳಿಯ ಕೂತು, ಎಪ್ಪತ್ತು ದಾಟಿದ ಮಾವ ಕಂಬಿ ಹಿಡಿದು ನಿಂತು, ಕ್ಷೇತ್ರಯಾತ್ರೆ ಸಾಗಿತು. ಕಲಾವತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮಾವನವರು ನಗಲಿಲ್ಲ. ಕುರುಂದವಾಡ ದಾಟುವವರೆಗೂ ಜೋಲಿ ಹೊಡೆಯುತ್ತ, “ನಮ್ಮ ಅಳಿಯಾರು ವ್ರತದಾಗ ಅದಾರು! ಭಾಳ ಕಠಿಣ ವ್ರತಾ!” ಎಂದು ಇಡೀ ಬಸ್ಸಿಗೆ ಹೆಮ್ಮೆಯಿಂದ ಸಾರಿದರು. ಪುಣ್ಯಕ್ಕೆ ಆ ಅಜ್ಜಿಗೆ ಕನ್ನಡ ಬರುತ್ತಿರಲಿಲ್ಲ.

ವಾಡಿಯಲ್ಲಿ ಕೃಷ್ಣೆ ಮೆಟ್ಟಿಲು ಏರಿ ಬಂದಿದ್ದಳು. ಮಿಂದು, ಒದ್ದೆ ಪಂಚೆಯಲ್ಲೇ ಸಾಲಿನಲ್ಲಿ ನಿಂತೆ. ಕಲಾವತಿ ಹೆಂಗಸರ ಸಾಲಿನಲ್ಲಿ ಎಲ್ಲೋ ಹಿಂದಿದ್ದಳು. ಮಾವನವರು ನನಗಿಂತ ಮುಂದಾಗಿ ದರ್ಶನ ಮುಗಿಸಿ ಪಕ್ಕಕ್ಕೆ ಸರಿದಿದ್ದರು. ನನ್ನ ಸರದಿ ಬಂತು. ಕಣ್ಣು ಮುಚ್ಚಿ ಕೈ ಜೋಡಿಸಿದೆ. ಬೇರೆ ಊರಿನ ಜನ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಾರೆ. ನಮ್ಮ ಕಸುಬಿನವರಿಗೆ ತುಟಿ ಅಲುಗದಿದ್ದರೆ ಹೇಳಿದಂತೆಯೇ ಅಲ್ಲ! ಪಕ್ಕದಲ್ಲಿ ಗಂಟೆ, ಜಯಘೋಷ, ಮಕ್ಕಳ ಅಳು. ಇಷ್ಟು ಗದ್ದಲದಲ್ಲಿ ದೇವರಿಗೆ ಮುಟ್ಟಬೇಕಾದರೆ ಶೆಡ್ಡಿನ ಪದ್ಧತಿಯೇ ಸರಿಯೆಂದು, ಒಂದೊಂದೇ ಅಕ್ಷರವನ್ನು ತುಟಿಯಲ್ಲಿ ಬಿಡಿಸಿ ಬಿಡಿಸಿ ಹೇಳಿದೆ:

‘ಗುರುದೇವಾ, ಮನಸ್ಸಿಗೆ ಶಾಂತಿ ಕೊಡಪಾ. ಈ ಮುದುಕನ ಬಾಯಿ ಕೇಳಿ ಕೇಳಿ ಸಾಕಾಗೈತಿ. ಇವರನ್ನ ಗಡಹಿಂಗ್ಲಜಕ್ಕ ಮಗನ ಮನೀಗೆ ಕಳಿಸಿಬಿಡು.’

ಕಣ್ಣು ತೆರೆದೆ. ಕಂಬಕ್ಕೆ ಒರಗಿ, ಕೈಯಲ್ಲಿ ತೀರ್ಥ ಹಿಡಿದುಕೊಂಡು ಮಾವನವರು ನನ್ನ ಕಡೆಗೇ ಮುಖ ಮಾಡಿ ನಿಂತಿದ್ದರು. ಕಠಿಣ ವ್ರತ ಮಾಡಿದ ಅಳಿಯ ದೇವರಲ್ಲಿ ಏನು ಬೇಡಿಕೊಳ್ಳುತ್ತಾನೋ ಎಂದು ಆಸೆಯಿಂದ ನೋಡುತ್ತಿದ್ದಿರಬೇಕು. ಅವರು ನೋಡುತ್ತಿದ್ದದ್ದು ನನ್ನ ತುಟಿಯನ್ನು. ಇದು ಆ ಹೊತ್ತಿಗೆ ನನ್ನ ತಲೆಗೆ ಹೊಳೆಯಲೇ ಇಲ್ಲ. ಊರಿನ ಮಗ್ಗಗಳ ರೋಗ ಕಂಡುಹಿಡಿಯುವ ಜಾಬರ ನಾನು!

ಬರುವಾಗ ಮಾವನವರು ಒಂದೇ ಒಂದು ಮಾತಾಡಲಿಲ್ಲ. ನಾನು ರೋಮಾಂಚನಗೊಂಡೆ. ಎಂಥ ಜಾಗೃತ ಕ್ಷೇತ್ರ! ಬೇಡಿದ್ದು ಬಸ್‌ಸ್ಟ್ಯಾಂಡ್ ಮುಟ್ಟುವುದರೊಳಗೆ ಕೈಗೂಡಿತಲ್ಲ! ಮರುದಿನ ಮುಂಜಾನೆ ಅವರು ಗಂಟು ಕಟ್ಟಿಕೊಂಡು, “ಮಗನ ಕಡೆ ಹೋಗಿರ್ತೇನ್ರಿ. ಮೊಮ್ಮಕ್ಕಳನ್ನ ನೋಡಿ ಭಾಳ ದಿವಸ ಆತು,” ಎಂದರು. ಕಲಾವತಿ ಎಷ್ಟು ಹೇಳಿದರೂ ನಿಲ್ಲಲಿಲ್ಲ. ಅವರ ಗಂಟನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಸ್ಸಿಗೆ ಮುಟ್ಟಿಸಿದವನು ನಾನೇ. ಅಂದು ನನ್ನ ಸೈಕಲ್ಲು ಓಡಿದ ಹಾಗೆ ಮುಂದೆಂದೂ ಓಡಲಿಲ್ಲ.

ಮನೆ ಶಾಂತವಾಯಿತು. ನಾನು ನಿದ್ದೆ ಮಾಡಿದೆ. ಕಲಾವತಿಯೂ ಅದೇಕೋ ನನ್ನ ಮೇಲೆ ವಿಶೇಷ ಪ್ರೀತಿ ತೋರಿದಳು. ರೊಟ್ಟಿಯ ಮೇಲೆ ತುಪ್ಪ, ನಾನು ಮಲಗಿದರೆ ಓಣಿಯ ಮಕ್ಕಳಿಗೆ ಗದರಿಕೆ. ಎಲ್ಲವನ್ನೂ ವ್ರತದ ಲೆಕ್ಕಕ್ಕೆ ಜಮಾ ಮಾಡಿಕೊಂಡೆ. ಒಮ್ಮೆ ಮಾತ್ರ ಕಣ್ಣಲ್ಲಿ ನೀರು ತಂದುಕೊಂಡು, “ಅಪ್ಪಗ ನಮ್ಮಿಂದ ಏನರ ಕಡಿಮಿ ಆತೇನ್ರಿ? ಹೊಳ್ಳಿ ಬರೂ ಮಾತ ಇಲ್ಲಲ್ಲ,” ಎಂದಳು.

“ನಾನಂತೂ ಏನೂ ಅಂದಿಲ್ಲವಾ. ಮೌನದಾಗಿದ್ದೆ!”

ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೆ?

ಗಣಪತಿ ಹಬ್ಬ ಮುಗಿದ ಮೇಲೆ ಕಲಾವತಿ ತಾನು ಮಾಡಿದ ಕರದಂಟು ಕೊಟ್ಟು ನನ್ನನ್ನು ಗಡಹಿಂಗ್ಲಜಕ್ಕೆ ಅಟ್ಟಿದಳು. ಮಾವನವರು ಮಗನ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಒಳಗಿನಿಂದ ಸೊಸೆ ಊಟಕ್ಕೆ ಕರೆಯುತ್ತಿದ್ದಳು, ಅವರಿಗೆ ಗೊತ್ತಾಗಲಿಲ್ಲ. ಮೊಮ್ಮಗಳೊಬ್ಬಳು ಓಡಿಬಂದು ಕಿವಿಯಲ್ಲಿ ಕಿರುಚಿ ಓಡಿಹೋದಳು, ಅದೂ ಕೇಳಿಸಲಿಲ್ಲ. ಆ ಮನೆಯವರು ಒಳ್ಳೆಯವರೇ. ಆದರೆ ಅಲ್ಲಿ ಶೆಡ್ಡಿಲ್ಲ, ಮಗ್ಗವಿಲ್ಲ. ಅತ್ತ ಮುಖ ಮಾಡಿಕೊಂಡು ಇತ್ತ ಮಾತಾಡುವ ಜನ. ಅವರೆದುರು ನಿಂತು ತುಟಿ ಬಿಡಿಸುವವರು ಒಬ್ಬರೂ ಇರಲಿಲ್ಲ.

ನಾನು ರಸ್ತೆಯ ಆಚೆ ಇರುವಾಗಲೇ ನನ್ನನ್ನು ಕಂಡು ಅವರ ಮುಖ ಅರಳಿತು. ಅಲ್ಲಿಂದಲೇ ತುಟಿ ಅಲುಗಿಸಿದರು: ‘ಬಂದ್ರೇನು? ಕಲಾ ಹ್ಯಾಂಗದಾಳ?’

‘ಆರಾಮ ಅದಾಳ್ರಿ. ನಿಮ್ಮನ್ನ ಕರಕೊಂಡು ಹೋಗಾಕ ಬಂದೇನಿ’ ಎಂದು ನನ್ನ ತುಟಿ ತಾನಾಗಿಯೇ ಅಲುಗಿತು.

‘ಬ್ಯಾಡ್ರಿ, ಅಳಿಯಾರ. ವ್ರತಾ ಹಿಡದು ವಾಡಿಯಾಗ ಬೇಡ್ಕೊಂಡೀರಿ. ದೇವರು ನಡಿಸ್ಯಾನ. ನಾ ಹೊಳ್ಳಿ ಬಂದ್ರ ದೇವರ ಮಾತ ಸುಳ್ಳ ಮಾಡಿದಂಗ ಆಗತೈತಿ.’

ಅಂದರೆ ಅಂದು ಕಂಬದ ಬಳಿ ನಿಂತು ಅವರು ನನ್ನ ತುಟಿ ಓದಿದ್ದರು! ರಸ್ತೆ ದಾಟಿ ಹೋಗಿ ಅವರ ಪಕ್ಕದಲ್ಲಿ ಕೂತೆ. ನಾಚಿಕೆಯಿಂದ ತಲೆ ತಗ್ಗಿಸಿದರೆ ಅವರಿಗೆ ನನ್ನ ಮಾತು ಕಾಣುವುದಿಲ್ಲ, ಆದ್ದರಿಂದ ಆ ಮುಖವನ್ನು ನೇರವಾಗಿ ನೋಡಲೇಬೇಕಾಯಿತು. ‘ನಾ ಸುಮ್ಮನ ಏನೋ ಅಂದೆ’ ಎಂದೆ. ‘ವಾಡಿಗೆ ಹೋಗಿ ಸುಮ್ಮನ ಯಾರ ಬೇಡ್ತಾರ?’ ಎಂದು ನಕ್ಕರು. ಅವರಿಗೆ ನನ್ನ ಮೇಲೆ ಸಿಟ್ಟು ಇರಲೇ ಇಲ್ಲ. ನನ್ನ ಪ್ರಾರ್ಥನೆ ಫಲಿಸಿದ್ದಕ್ಕೆ ನಿಜವಾಗಿ ಸಂತೋಷಪಟ್ಟಂತಿತ್ತು. ಒಂದು ಪೆಟ್ಟು ಕೊಟ್ಟಿದ್ದರೆ ಚೆನ್ನಾಗಿತ್ತು.

‘ಮಾವಾರ, ಕೊಲ್ಹಾಪುರದ ಕುಸ್ತಿ ಕತಿ ಹೇಳ್ರಿ’ ಎಂದೆ.

‘ಬಿಡ್ರಿ, ನಿಮಗ ತ್ರಾಸ ಆಗತೈತಿ. ಕಲಾನ ಚಿಂತಿ ಮಾಡಬ್ಯಾಡ್ರಿ, ಆಕಿಗೆ ನಾ ಬ್ಯಾರೇ ಹೇಳೇನಿ’ ಎಂದರು.

ಏನು ಹೇಳಿದ್ದಾರೆಂದು ಕೇಳುವ ಧೈರ್ಯವಾಗಲಿಲ್ಲ.

ಈಗ ಉಳಿದದ್ದು ಒಂದೇ ದಾರಿ. ದೇವರು ಕೊಟ್ಟ ಹುಕುಮನ್ನು ದೇವರೇ ರದ್ದು ಮಾಡಬೇಕು! ಮುಂದಿನ ಗುರುವಾರ ಕಲಾವತಿಯನ್ನು ಕರೆದುಕೊಂಡು ಮತ್ತೆ ವಾಡಿಗೆ ಹೋದೆ. ಈ ಸಲ ಮೌನವೂ ಬೇಡ, ತುಟಿಮಾತೂ ಬೇಡ ಎಂದು ನಿರ್ಧರಿಸಿದ್ದೆ. ಪಾದುಕೆಯ ಮುಂದೆ ನಿಂತು, ಕಣ್ಣು ಮುಚ್ಚಿ, ಹೊಟ್ಟೆಯೊಳಗಿನ ಸಂಕಟಕ್ಕೆ ಎಷ್ಟು ದನಿ ಇತ್ತೋ ಅಷ್ಟೂ ದನಿಯಲ್ಲಿ ಕೂಗಿಬಿಟ್ಟೆ:

“ಗುರುದೇವಾ, ತಪ್ಪಾತು! ಮಾವಾರನ್ನ ಕಳಿಸಿಬಿಡು ಅಂತ ಬೇಡ್ಕೊಂಡಿದ್ನಲ್ಲಾ, ಅದನ್ನ ಹೊಳ್ಳಿ ತಗೋ! ಅವರನ್ನ ಮನೀಗೆ ಕಳಿಸು!”

ಗಂಟೆ ಬಾರಿಸುತ್ತಿದ್ದವರೂ ಕೈ ತಡೆದರು. ಪೂಜಾರಿಗಳು ಒಳಗಿನಿಂದ ಬಗ್ಗಿ, “ಹಳೂ ಬೋಲಾ ಹೋ. ದೇವಾಲಾ ಐಕೂ ಯೇತಂ,” ಎಂದರು. ಮೆಲ್ಲಗೆ ಮಾತಾಡು, ದೇವರಿಗೆ ಕಿವಿ ಕೇಳುತ್ತದೆ ಎಂದು.

ಕಣ್ಣು ತೆರೆದೆ. ಎದುರಿಗೆ ಕಲಾವತಿ ನಿಂತಿದ್ದಳು. ಈ ಸಲ ಹೆಂಗಸರ ಸಾಲು ಬೇಗ ಮುಂದೆ ಬಂದಿತ್ತು.

ಅವಳು ಬೈಯಲಿಲ್ಲ. ಹೊರಗೆ ಅತ್ತಿಯ ಮರದ ಕೆಳಗೆ ಬಂದ ಮೇಲೆ ನಿಂತಳು.

“ಅಪ್ಪ ಹೋಗೂ ಮುಂದ ನನ್ನ ಕರದು ಹೇಳಿದ್ದನ್ರಿ. ‘ಅಳಿಯಾರು ದೇವರ ಮುಂದ ನಿನ್ನ ಸಲುವಾಗಿ ಬೇಡ್ಕೊಂಡ್ರು. ನಾ ಕಣ್ಣಾರೆ ನೋಡೇನಿ. ನನ್ನ ಮಗಳು ಸುಖವಾಗಿ ಅದಾಳ, ಇನ್ನ ನನಗ ಚಿಂತಿಲ್ಲ’ ಅಂದಿದ್ದ. ನಾನೂ ಖರೇ ಅಂತ ತಿಳದಿದ್ದೆ.”

ಅಷ್ಟು ದಿನ ರೊಟ್ಟಿಯ ಮೇಲೆ ಬಿದ್ದ ತುಪ್ಪದ ಅರ್ಥ ನನಗೆ ಆಗ ಆಯಿತು.

ಮಾವನವರು ಮತ್ತೆ ಇಚಲಕರಂಜಿಗೆ ಬರಲಿಲ್ಲ. ಕಲಾವತಿಯೇ ಹೋಗಿ ಕರೆದರೂ, “ಅಳಿಯಾರ ವ್ರತಾ ಮುರಿಯೂದ ಬ್ಯಾಡ,” ಎಂದರಂತೆ. ಎರಡು ವರ್ಷಕ್ಕೆ ಅಲ್ಲೇ ತೀರಿಕೊಂಡರು. ಅಣ್ಣಾಸಾಹೇಬರು ಈಗಲೂ ಶ್ರಾವಣ ಬಂತೆಂದರೆ, “ಈ ವರ್ಷ ಮೌನ ಹಿಡಿಯೂದಿಲ್ಲೇನ್ರಿ?” ಎಂದು ಕೇಳುತ್ತಾರೆ. ನಾನು ಏನು ಹೇಳಲಿ? ಗುಟ್ಟಾಗಿ ದೇವರಿಗೆ ಹೇಳಬೇಕಾದದ್ದನ್ನು ಮಾವನಿಗೆ ಹೇಳಿದೆ. ಮಾವ ನನ್ನ ಮಾನ ಕಾಯಲು ಮುಚ್ಚಿಟ್ಟದ್ದನ್ನು ವಾಡಿಯಲ್ಲಿ ನಿಂತು ಹೆಂಡತಿಗೆ ಕೂಗಿ ಹೇಳಿದೆ. ಎರಡು ಸಲವೂ ನನ್ನ ಪ್ರಾರ್ಥನೆ ಎಲ್ಲರಿಗೂ ಚೆನ್ನಾಗಿಯೇ ಮುಟ್ಟಿತು, ದೇವರೊಬ್ಬನನ್ನು ಬಿಟ್ಟು!