ಎಡಕ್ಕೇ ಸುತ್ತಿದ ರೇಸುಗಾರ

ಯಾರಾದರೂ ತಾನು ಬಹಳ ಜೋರಾಗಿ ಓಡಿದವನೆಂದು ಜಂಬ ಕೊಚ್ಚಿದರೆ ನಾನು ಕೇಳುವುದು ಒಂದೇ: ಎಲ್ಲಿಗೆ? ನಾಲ್ಕನೇ ಕ್ಲಾಸಿಗೆ ಓದು ಬಿಟ್ಟವಳು ನಾನು, ಇದಕ್ಕಿಂತ ದೊಡ್ಡ ಪ್ರಶ್ನೆ ನನ್ನ ಹತ್ತಿರ ಇಲ್ಲ. ಲಿಂಕೋಪಿಂಗ್ ಎಂಬ ಪರದೇಶದ ಊರಿನಲ್ಲಿ ಮಗಳ ಮನೆಯ ಕೆಳಗಡೆ ಹ್ಯಾಂಕ್ ಎಂಬ ಅಮೆರಿಕದ ಮುದುಕನಿದ್ದ. ಪ್ರಾಯದಲ್ಲಿ ಅವನ ದೇಶದಲ್ಲಿ ರೇಸಿನ ಕಾರು ಓಡಿಸಿದವನಂತೆ. ಆಮೇಲೆ ಇಲ್ಲಿಯ ಹುಡುಗಿಯನ್ನು ಕಟ್ಟಿಕೊಂಡು ಬಂದು, ಅವಳೂ ಹೋಗಿ, ಈಗ ಒಬ್ಬನೇ. "ಎಲ್ಲಿಗೆ ಓಡಿಸ್ತಿದ್ನಂತೆ, ಕೇಳೇ" ಎಂದೆ ಮಗಳು ಸುಮಾಗೆ. "ಎಲ್ಲಿಗೂ ಇಲ್ವಂತಮ್ಮ. ಮಣ್ಣಿನ ಟ್ರ್ಯಾಕು, ಸುಮ್ನೆ ರೌಂಡ್ ಹೊಡೆಯೋದು. ಅದೂ ಬರೀ ಎಡಕ್ಕೇ ತಿರುಗಿಸ್ಕೊಂಡು."

"ಅಂದ್ರೆ ಅಪ್ರದಕ್ಷಿಣೆ!" ಎಂದೆ. ನಮ್ಮಲ್ಲಿ ದೇವರಿಗಾಗಲಿ ಅಶ್ವತ್ಥಕಟ್ಟೆಗಾಗಲಿ ಬಲಕ್ಕೆ ಸುತ್ತುತ್ತಾರೆ, ಎಡಕ್ಕೆ ಸುತ್ತುವುದು ಹೆಣಕ್ಕೆ. ಪ್ರಾಯವೆಲ್ಲ ಅಪ್ರದಕ್ಷಿಣೆ ಹಾಕಿದವನಿಗೆ ಗೆದ್ದವರ ಕಪ್ಪು ಎಲ್ಲಿಂದ ಸಿಗಬೇಕು? ಒಮ್ಮೆ ಎರಡನೆಯವನಾಗಿ ಬಂದದ್ದೇ ಅವನ ಮಹಾ ಕೀರ್ತಿ. ಬಲಕ್ಕೆ ತಿರುಗಿಸಿದ್ದು ಒಂದೇ ಸಲ. ಆವತ್ತು ಬೇಲಿ ಮುರಿದು ಯಾರದೋ ಜೋಳದ ಹೊಲಕ್ಕೆ ನುಗ್ಗಿದ್ದನಂತೆ. "ಪಾಪ, ಆವತ್ತಾದ್ರೂ ಎಲ್ಲಿಗೋ ಹೋದ" ಎಂದೆ. ಸುಮಾ ಇದನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ.

ಇಂಥವನ ಕಾಲು ನಮ್ಮ ಅಳಿಯಂದಿರು ಹಿಡಿಯಬೇಕಾಯಿತು. ನಾನು ಬಂದದ್ದು ಸುಮಾಳ ಬಾಣಂತನಕ್ಕೆ. ಹೆರಿಗೆಗೆ ಹೋಗುವುದು ಸ್ವಂತ ಕಾರಿನಲ್ಲೇ, ಕಂಡವರು ಕೂತೆದ್ದ ಬಾಡಿಗೆ ಗಾಡಿ ಬೇಡ ಎಂದು ಬಂದ ದಿನವೇ ಕಟ್ಟಪ್ಪಣೆ ಮಾಡಿದ್ದೆ. ಕಾರೇನೋ ಬಾಗಿಲಲ್ಲಿತ್ತು. ಆದರೆ ಬೆಂಗಳೂರಿನ ಲೈಸೆನ್ಸು ಇಲ್ಲಿ ಒಂದು ವರ್ಷಕ್ಕೆ ಸತ್ತುಹೋಗುತ್ತದೆ, ಮತ್ತೆ ಪರೀಕ್ಷೆ ಕೊಡಬೇಕು. ಕೊಟ್ಟರು. ಇಲ್ಲಿ ಗಾಡಿಗಳು ರಸ್ತೆಯ ಬಲಗಡೆ ಹೋಗುವುದರಿಂದ ಸರ್ಕಲ್ಲನ್ನು ಎಡಕ್ಕೇ ಸುತ್ತಬೇಕು. ಅಳಿಯಂದಿರು ಊರಿನ ಅಭ್ಯಾಸದಲ್ಲಿ ಪ್ರದಕ್ಷಿಣೆಗೆ ಹೊರಟರು. ಎದುರಿಗೆ ಬಸ್ಸು. ಪರೀಕ್ಷೆ ಮಾಡುವ ಹೆಂಗಸು ತಾನೇ ಬ್ರೇಕ್ ಒತ್ತಿ ಜೀವ ಉಳಿಸಿಕೊಂಡಳಂತೆ. "ನೀವು ಸುತ್ತಿದ್ದೇ ಸರಿ ಬಿಡಿ, ಶಾಸ್ತ್ರ ಪ್ರಕಾರ" ಎಂದು ಸಮಾಧಾನ ಹೇಳಿದರೆ ಮಗಳು ನನ್ನನ್ನೇ ದುರುಗುಟ್ಟಿ ನೋಡಿದಳು.

"ಎಡಕ್ಕೆ ಸುತ್ತೋದು ನನಗಿಂತ ಚೆನ್ನಾಗಿ ಯಾರು ಕಲಿಸ್ತಾರೆ?" ಎಂದು ಹ್ಯಾಂಕ್ ಮೇಲೆ ಬಂದ. ಕಣ್ಣು ಮಂಜೆಂದು ಅವನ ಲೈಸೆನ್ಸು ಹೋಗಿತ್ತು, ಆದ್ದರಿಂದ ಪಾಠವೆಲ್ಲ ನಮ್ಮ ಊಟದ ಮನೆಯಲ್ಲೇ. ಕಂಪ್ಯೂಟರ್ ಇಂಜಿನಿಯರಾದ ಅಳಿಯಂದಿರು ನನ್ನ ಸ್ಟೀಲ್ ತಟ್ಟೆಯನ್ನು ಸ್ಟೇರಿಂಗ್ ಮಾಡಿಕೊಂಡು ಮೇಜಿನ ಸುತ್ತ ಎಡಕ್ಕೆ ನಡೆಯುವುದು, ಮುದುಕ ಕುರ್ಚಿಯಲ್ಲಿ ಕೂತು "ಲೆಫ್ಟ್! ಲೆಫ್ಟ್!" ಎಂದು ಕೂಗುವುದು. ಸಾರು ಬಡಿಸಲು ನನಗೆ ದಾರಿ ಇಲ್ಲ. "ಅತ್ತೆ, ಈಗ ಕಣ್ಣು ಮುಚ್ಕೊಂಡು ಸುತ್ತಿಬಿಡ್ತೀನಿ." "ಕಣ್ಣು ಬಿಟ್ಕೊಂಡೇ ಸುತ್ತಿ. ಹೊಟ್ಟೇಲಿರೋದು ನಿಮ್ಮನ್ನ ನೋಡ್ಬೇಕು."

ಎರಡನೇ ಪರೀಕ್ಷೆಯಲ್ಲಿ ಸರ್ಕಲ್ಲಿಗೆ ಬಹಳ ಚೆಂದವಾಗಿ ಇಳಿದರಂತೆ. ಸುತ್ತಿದರು. ಮತ್ತೆ ಸುತ್ತಿದರು. ಹೊರಗೆ ಬರಲು ಬಲಕ್ಕೆ ತಿರುಗಿಸಬೇಕು, ಅದನ್ನು ಹ್ಯಾಂಕ್ ಹೇಳಿಕೊಟ್ಟಿರಲಿಲ್ಲ. ಅವನಿಗೆ ಗೊತ್ತಿದ್ದರೆ ತಾನೆ? ಅವನ ಕಾಲದಲ್ಲಿ ಹೊರಗೆ ಬರುವುದೆಂದರೆ ರೇಸು ಮುಗಿಯಬೇಕು, ಇಲ್ಲ ಚಕ್ರ ಕಳಚಬೇಕು. ಮೂರನೇ ಸುತ್ತಿಗೆ ಆ ಹೆಂಗಸು ಪೆನ್ನು ಜೇಬಿಗಿಟ್ಟುಕೊಂಡಳು.

ಮಾರನೇ ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತಿದ್ದಾಗ ಸುಮಾಗೆ ನೋವು ಶುರುವಾಯಿತು. ಬಾಗಿಲಲ್ಲಿ ಹೊಳೆಯುವ ಕಾರು, ಪಕ್ಕದಲ್ಲಿ ಚಪ್ಪಲಿ ಹಾಕಿಕೊಂಡ ರೇಸುಗಾರ, ಬೀಗದಕೈ ಹಿಡಿದ ಗಂಡ. ಇಷ್ಟು ಜನ ಗಂಡಸರಿದ್ದೂ, ಸೊಂಟ ಹಿಡಿದುಕೊಂಡು ಟ್ಯಾಕ್ಸಿಗೆ ಫೋನ್ ಮಾಡಿದವಳು ಸುಮಾನೇ.

"ಟ್ಯಾಕ್ಸಿ ಬೇಡ ಅಂದಿದ್ದು ನೀವೇ ಅಲ್ವಾ ಅತ್ತೆ?"

"ನಾನು ಹೇಳಿದ ಇನ್ಯಾವ ಮಾತು ಕೇಳಿದ್ದೀರಿ, ಇದೊಂದು ಕೇಳೋಕೆ?"

ನಾನು ಕೋಟಿನ ಗುಂಡಿ ಹಾಕುವುದರೊಳಗೆ ಟ್ಯಾಕ್ಸಿ ಬಂತು. ಓಡಿಸುತ್ತಿದ್ದವಳು ಚೂಯಿಂಗ್ ಗಮ್ ಅಗಿಯುವ ಚಿಕ್ಕ ಹುಡುಗಿ. ಸರ್ಕಲ್ಲಿಗೆ ಇಳಿದಳು, ಅರ್ಧ ಸುತ್ತಿದಳು, ಹೊರಬಿದ್ದಳು. "ಇಷ್ಟೇನಾ!" ಎಂದೆ.

"ಅಮ್ಮಾ, ಬಾಯ್ಮುಚ್ಚು" ಎಂದಳು ಸುಮಾ, ಹಲ್ಲು ಕಚ್ಚಿಕೊಂಡು.

ಮುಚ್ಚಿದೆ. ಆಸ್ಪತ್ರೆಗೂ ಹೊತ್ತಿಗೆ ಸರಿಯಾಗಿ ತಲುಪಿದೆವು, ಮೊಮ್ಮಗಳೂ ಹುಟ್ಟಿದಳು. ಟ್ಯಾಕ್ಸಿಯ ಸೀಟು ನಮ್ಮ ಕಾರಿನದಕ್ಕಿಂತ ಮೆತ್ತಗಿತ್ತು ಎಂಬುದನ್ನು ಮಾತ್ರ ಮನೆಯಲ್ಲಿ ಇವತ್ತಿಗೂ ಹೇಳಿಲ್ಲ.