ಚಿಕ್ಕಪ್ಪನನ್ನು ದ್ವೀಪದಿಂದ ಹೊರಹಾಕಿದ್ದು

ನಮ್ಮ ಚಿಕ್ಕಪ್ಪನನ್ನು ಒಮ್ಮೆ ಒಂದು ದ್ವೀಪದಿಂದ ಹೊರಗೆ ಹಾಕಿದ್ದಾರೆ. ನಂಬಲಿಲ್ಲವೇ? ನಂಬಬೇಡಿ! ಆಧಾರವಿಲ್ಲದೆ ಏನನ್ನೂ ನಂಬಬಾರದೆಂದು ಯೂನಿವರ್ಸಿಟಿಯಲ್ಲಿ ಕಲಿತು ಬಂದವನು ನಾನು. ಆವತ್ತು ಪಕ್ಕದಲ್ಲೇ ನಿಂತಿದ್ದರೂ ಈಗ ನನಗೇ ಪೂರ್ತಿ ನಂಬಿಕೆಯಿಲ್ಲ. ಅದೂ ಎಂಥ ದ್ವೀಪ! ಸುತ್ತ ಸಮುದ್ರವಿಲ್ಲ, ಕಾರು ನಿಲ್ಲಿಸುವ ಜಾಗ. ಮೇಲೆ ಆಕಾಶವಿಲ್ಲ, ಗಾಜಿನ ಚಾವಣಿ.

ಮೊದಲಿಂದ ಹೇಳುತ್ತೇನೆ. ಬಣಕಲ್ ಹತ್ತಿರದ ತೋಟದಲ್ಲಿ ಚಿಕ್ಕಪ್ಪ ನಲವತ್ತು ವರ್ಷ ಕಾಫಿ ಬೆಳೆದವರು. ಎರಡು ಸಾವಿರನೇ ಇಸವಿಯ ಆಚೀಚೆ ಕಾಂಡಕೊರಕ ಹುಳ ಬಿದ್ದು, ಮನೆಯ ಕೆಳಗಿನ ತಾಕಿನ ಗಿಡಗಳನ್ನೆಲ್ಲ ಅವರೇ ನಿಂತು ಕೀಳಿಸಿ ಸುಡಿಸಬೇಕಾಯಿತು. ಮದುವೆಯಾದ ವರ್ಷ ಗಂಡ ಹೆಂಡತಿ ಸೇರಿ ನೆಟ್ಟ ಗಿಡಗಳು ಅವು. ಮಾರನೆಯ ದಿನ ಚಿಕ್ಕಪ್ಪ ಜಗಲಿಯ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ ಕೂತರು. ಒಂದು ವರ್ಷ! ಬಂದ ನೆಂಟರು ಅವರ ಬೋಳುತಲೆಯ ಹಿಂಭಾಗಕ್ಕೆ ನಮಸ್ಕಾರ ಹೇಳಿ ಹೋಗುತ್ತಿದ್ದರು. ಮೂಡಿಗೆರೆಗೆ ಹೋಗುವಾಗ ರಸ್ತೆಯ ಎರಡೂ ಬದಿ ಕಾಫಿ ಕಾಣುತ್ತದೆಂದು ಜೀಪಿನಲ್ಲಿ ಕಣ್ಣು ಮುಚ್ಚಿಕೊಂಡೇ ಕೂರುತ್ತಿದ್ದರು. ಪುಣ್ಯಕ್ಕೆ ಓಡಿಸುತ್ತಿದ್ದವನು ಡ್ರೈವರ್!

ಕೊನೆಗೊಂದು ದಿನ ತೋಟ ಮಾರುತ್ತೇನೆಂದು ಬ್ರೋಕರಿಗೆ ಹೇಳಿಯೂ ಬಿಟ್ಟರು. ಚಿಕ್ಕಮ್ಮ ನನ್ನನ್ನು ಅಡುಗೆಮನೆಗೆ ಕರೆದರು.

"ತೋಟ ಹೋದ್ರೆ ಇವ್ರು ಆ ಗೋಡೆ ನೋಡ್ಕೊಂಡೇ ಮುಗಿದುಹೋಗ್ತಾರೆ ಕಣೋ. ನೀನು ಹೆಂಗೂ ಅದೆಂಥದೋ ಚಳಿ ದೇಶಕ್ಕೆ ಹೋಗ್ತಿದ್ದೀಯಲ್ಲ, ಕರ್ಕೊಂಡು ಹೋಗು. ಕಾಫಿ ಗಿಡ ಕಣ್ಣಿಗೆ ಬೀಳದ ಕಡೆ ಹದಿನೈದು ದಿನ ಇದ್ದು ಬರ್ಲಿ. ಮನಸ್ಸು ತಿರುಗಿದ್ರೆ ತಿರುಗ್ತು."

ನನಗೆ ಅಲ್ಲೊಂದು ವಿಚಾರಸಂಕಿರಣವಿತ್ತು. ಚಿಕ್ಕಪ್ಪ ಹೊರಟರು. ಯಾಕೆ ಹೊರಟರೋ! ಗೋಡೆ ಬೇಸರ ಬಂದಿರಬೇಕು.

ಆ ಊರಿನಲ್ಲಿ ಹಿಮ ಬೀಳುತ್ತಿತ್ತು. ಬೆಚ್ಚಗಿರುತ್ತದೆಂದು ಅವರನ್ನು ಮೃಗಾಲಯಕ್ಕೆ ಕರೆದೊಯ್ದೆ. ಅಲ್ಲಿ ಬೆಚ್ಚಗೆ ಕಾಯಿಸಿಟ್ಟ ದೊಡ್ಡದೊಂದು ಗಾಜಿನ ಮನೆಯೊಳಗೆ ಮಡಗಾಸ್ಕರ್ ದ್ವೀಪದ ಕಾಡನ್ನೇ ಎಬ್ಬಿಸಿದ್ದರು. ಮರ, ತೊರೆ, ಬಾವಲಿ, ಗೋಸುಂಬೆ, ಹೊತ್ತುಹೊತ್ತಿಗೆ ಪೈಪಿನಿಂದ ಮಳೆ.

"ಮಳೆ ನೋಡಕ್ಕೆ ಟಿಕೆಟ್ಟಾ?" ಚಿಕ್ಕಪ್ಪ ಬಾಗಿಲಲ್ಲೇ ನಿಂತರು. "ಆಷಾಢದಲ್ಲಿ ನಮ್ಮಲ್ಲಿಗೆ ಬಂದಿದ್ರೆ ನಾನೇ ಊಟ ಹಾಕಿ ತೋರಿಸ್ತಿದ್ನಲ್ಲ ಮಾರಾಯ!"

ಒಳಗೆ ಹೋದದ್ದೇ ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಿಕೊಂಡರು. ಐದು ನಿಮಿಷಕ್ಕೊಮ್ಮೆ ಬಗ್ಗಿ ಕಾಲು ನೋಡಿಕೊಂಡರು. ಆಮೇಲೆ ಗಮ್‌ಬೂಟು ಹಾಕಿಕೊಂಡಿದ್ದ ಅಲ್ಲಿನ ಉಸ್ತುವಾರಿ ಹೆಂಗಸನ್ನು ತಡೆದು ನಿಲ್ಲಿಸಿದರು.

"ಇಂಬಳ ಎಲ್ಲಿ ಅಂತ ಕೇಳು."

ಕೇಳಿದೆ. ಇಲ್ಲಿ ಕಚ್ಚುವ, ರಕ್ತ ಹೀರುವ ಯಾವುದನ್ನೂ ಇಟ್ಟಿಲ್ಲವೆಂದು ಆಕೆ ಹೆಮ್ಮೆಯಿಂದ ಹೇಳಿದಳು.

"ಹಂಗಾದ್ರೆ ಇದು ಕಾಡಲ್ಲ, ಕಾಡಿನ ಫೋಟೋ ಅನ್ನು."

"ತುಂಬಾ ಚೆನ್ನಾಗಿದೆ ಅಂತಿದ್ದಾರೆ" ಎಂದು ಅನುವಾದಿಸಿದೆ.

ಮುಂದೆ ಲೀಮರುಗಳು. ಕೋತಿಯಂಥದೇ ಪ್ರಾಣಿ, ಬಾಲ ಮಾತ್ರ ಪಟ್ಟೆಪಟ್ಟೆ. ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದಾರೆ. ಒಂದು ಲೀಮರು ಕೈಗೆಟುಕುವಷ್ಟು ಹತ್ತಿರ ಬಂತು. ತೋಟಕ್ಕೆ ಕೋತಿ ನುಗ್ಗಿದಾಗ ಚಿಕ್ಕಪ್ಪ ಏನು ಮಾಡುತ್ತಿದ್ದರೋ ಇಲ್ಲೂ ಅದನ್ನೇ ಮಾಡಿದರು. "ಹೂಯ್ಯ್! ಹಿಡಿ! ಹೊಡಿ!" ಎಂದು ಕೂಗಿ ಎರಡು ಚಪ್ಪಾಳೆ. ಇಪ್ಪತ್ತು ಲೀಮರುಗಳು ಚಾವಣಿ ಸೇರಿದವು. ನಾಲ್ಕೇ ಇದ್ದವೋ ಏನೋ, ಹೇಳಿ ಹೇಳಿ ನಾನೇ ಮರಿ ಹಾಕಿಸಿರಬಹುದು. ಮಕ್ಕಳು ಅತ್ತದ್ದು ಮಾತ್ರ ನಿಜ.

ಅವರ ತೋಳು ಹಿಡಿದು ಬೇಗ ಬೇಗ ದಾಟಿಸುತ್ತಿದ್ದೆ. ತಿರುವಿನಲ್ಲಿ ಚಿಕ್ಕಪ್ಪ ಗಕ್ಕನೆ ನಿಂತರು. ನಾನೂ ನೋಡಿದೆ. ಹಗ್ಗದಾಚೆ, ಜರೀಗಿಡಗಳ ನಡುವೆ, ಒಂದು ಕಾಫಿ ಗಿಡ!

"ಚಿಕ್ಕಪ್ಪ, ಮುಂದೆ ದೊಡ್ಡ ಆಮೆ ಇದೆಯಂತೆ, ಬನ್ನಿ."

"ಯಾರ್ರೀ ಇದನ್ನ ಹಿಂಗೆ ಬಿಟ್ಟಿರೋದು?"

ಚಿಕ್ಕಮ್ಮನಿಗೆ ಏನು ಹೇಳಲಿ ಎಂದು ನಾನು ಯೋಚಿಸುವಷ್ಟರಲ್ಲಿ ಅವರು ಹಗ್ಗ ದಾಟಿಯಾಗಿತ್ತು. ಬಾರಕೋಲಿನಂತೆ ನೆಟ್ಟಗೆ ಎದ್ದು ಗಿಡದ ಸಾರ ಹೀರುತ್ತಿದ್ದ ಚಿಗುರುಗಳನ್ನು ಪಟಪಟನೆ ಮುರಿಯತೊಡಗಿದರು. ಬೆರಳುಗಳಿಗೆ ಒಂದು ವರ್ಷ ರಜೆಯಿತ್ತು ಅಂತ ಯಾರಿಗೂ ಅನ್ನಿಸುವಂತಿರಲಿಲ್ಲ. ಮಂಡಿಯೂರಿ ಕಾಂಡವನ್ನು ಬುಡದಿಂದ ಮೇಲಿನವರೆಗೆ ಸವರಿ ಹುಳದ ಉಬ್ಬು ಹುಡುಕಿದರು. ಇರಲಿಲ್ಲ. ಮತ್ತೊಮ್ಮೆ ಸವರಿದರು. ಆಗಲೂ ಇರಲಿಲ್ಲ.

ಗಮ್‌ಬೂಟಿನ ಹೆಂಗಸು ಓಡಿ ಬಂದಳು. ಚಿಕ್ಕಪ್ಪ ಹೆದರಲಿಲ್ಲ, ಬೈಯತೊಡಗಿದರು.

"ಹೇಳು ಇವ್ಳಿಗೆ. ಗಿಡ ಆರೋಗ್ಯವಾಗಿದೆ, ಸಾಕೋರು ಸರಿಯಿಲ್ಲ. ಮೇಲೆ ನೆರಳು ಜಾಸ್ತಿ, ಎರಡು ಕೊಂಬೆ ಕಡಿಸ್ಬೇಕು. ತಿಂಗಳಿಗೊಂದ್ಸಲ ಚಿಗುರು ತೆಗೀಬೇಕು. ಹಿಂಗೆ ಬಿಟ್ರೆ ಹಣ್ಣು ಹಿಡಿಯಲ್ಲ ಅನ್ನು."

ಈ ಸಲ ಒಂದಕ್ಷರ ಬಿಡದೆ ಅನುವಾದಿಸಿದೆ. ಆಕೆ ಕೇಳಿದಳು, ಗಿಡ ನೋಡಿದಳು, ಚಿಕ್ಕಪ್ಪನ ಮಂಡಿಯ ಕೆಸರು ನೋಡಿದಳು. ಆಮೇಲೆ ಬಹಳ ಮರ್ಯಾದೆಯಿಂದ ನಮ್ಮಿಬ್ಬರನ್ನೂ ಹೊರಗೆ ಹಾಕಿದಳು!

ಗೇಟಿನ ಹತ್ತಿರ ಟೆಲಿಫೋನ್ ಬೂತಿತ್ತು. "ಮನೆಗೊಂದು ಫೋನ್ ಹಾಕ್ಕೊಡು" ಎಂದರು ಚಿಕ್ಕಪ್ಪ. ಹಾಕಿ ಕೊಟ್ಟೆ.

"ಕೇಳ್ತಾ? ಆ ಬ್ರೋಕರ್ ಬಂದ್ರೆ ತೋಟ ಕೊಡಲ್ವಂತೆ ಅಂತ ಹೇಳಿ ಕಳ್ಸು. ಕೆಳಗಿನ ತಾಕಲ್ಲಿ ನಾನೇ ಬಂದು ಗುಂಡಿ ತೆಗೆಸ್ತೀನಿ. ಹೊಸ ಗಿಡ ಹಾಕಣ."

ಆ ಕಡೆಯಿಂದ ಚಿಕ್ಕಮ್ಮನ ದನಿ ಬಂತು.

"ಲೈನ್ ಸರಿ ಇಲ್ಲ ರೀ. ಇನ್ನೊಂದ್ಸಲ ಹೇಳಿ."

ಈ ಕಥೆಯ ಉಳಿದ ಯಾವುದನ್ನು ಬೇಕಾದರೂ ಅನುಮಾನಿಸಿ, ನಾನೂ ಅನುಮಾನಿಸುತ್ತೇನೆ. ಆದರೆ ಲೈನು ಸರಿಯಾಗಿತ್ತು. ಬೂತಿನ ಬಾಗಿಲಲ್ಲಿ ನಿಂತಿದ್ದ ನನಗೂ ಚಿಕ್ಕಮ್ಮ ಮೂಗೇರಿಸಿದ್ದು ಕೇಳಿಸುವಷ್ಟು ಸ್ಪಷ್ಟವಾಗಿತ್ತು. ಒಂದು ಮಾತನ್ನು ಎರಡನೇ ಸಲ ಹೇಳಬೇಕಾಗಿ ಬಂದರೆ ಸಿಡುಕುವ ಚಿಕ್ಕಪ್ಪ, ಗೋಣು ಬಗ್ಗಿಸಿಕೊಂಡು, ಮೆಲ್ಲಗೆ, ಅದನ್ನೇ ಮೂರು ಸಲ ಹೇಳಿದರು.